ಒಂಬತ್ತು ದಿನದ ಕಾಮಾಲೆ

ನಮ್ಮ ಪಕ್ಕದ ಮನೆಯ ಸಿಂಧು ಈ ವರ್ಷ ಕಾನೂನು ಪದವಿ ಮುಗಿಸಿದಳು. ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಕೂತು, ಫೋನಿನಲ್ಲೇ ಹನ್ನೊಂದು ವಕೀಲರ ಆಫೀಸುಗಳಿಗೆ ಅರ್ಜಿ ಕಳಿಸಿಬಿಟ್ಟಳು. ನಾನು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು. ಆಮೇಲೆ, "ಅಂಕಲ್, ನೀವು ಅಷ್ಟು ವರ್ಷ ವಕೀಲರ ಆಫೀಸಲ್ಲಿ ಇದ್ರಲ್ಲ, ಹೊಸಬರಲ್ಲಿ ಅವರು ಏನು ನೋಡ್ತಾರೆ, ಹೇಳಿ" ಎಂದಳು. ಬಟ್ಟೆ ಇಸ್ತ್ರಿ ಮಾಡಿಕೊಂಡು ಹೋಗು, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದೇನೋ ಹೇಳಿದೆ. ಹೇಳಬೇಕಾಗಿದ್ದುದು ಅದಲ್ಲ. ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಕೀಲನಲ್ಲ. ಮೂವತ್ತಾರು ವರ್ಷ ವಕೀಲರ ಗುಮಾಸ್ತನಾಗಿದ್ದವನು. ಸರಸ್ವತಿಪುರದಲ್ಲಿ ನಮ್ಮ ಗುರುಮಲ್ಲಪ್ಪನವರ ಆಫೀಸು. ಮನೆಯ ಮುಂದಿನ ಎರಡು ಕೋಣೆಗಳೇ ಆಫೀಸು, ಹಿಂದಿನದು ಸಂಸಾರ. ಸಿವಿಲ್ ಕೇಸುಗಳಲ್ಲಿ ಅವರದು ದೊಡ್ಡ ಹೆಸರು. ಕೋರ್ಟಿನಲ್ಲಿ ಹುಲಿಯ ಹಾಗೆ ಗುಡುಗುತ್ತಿದ್ದ ಮನುಷ್ಯ, ಆಫೀಸಿಗೆ ಬಂದರೆ ಕನ್ನಡಕ ಎಲ್ಲಿಟ್ಟಿದ್ದೇನೆಂದು ನನ್ನನ್ನು ಕೇಳುತ್ತಿದ್ದರು. ಯಾವ ಕೇಸು ಯಾವ ದಿನಕ್ಕೆ, ಯಾವ ಕಾಗದ ಎಲ್ಲಿ, ಯಾವ ಗಡುವು ಎಂದು ಮುಗಿಯುತ್ತದೆ, ಎಲ್ಲವೂ ನನ್ನ ಡೈರಿಯಲ್ಲಿ. "ನಾಗರಾಜು ಹೇಳಿದ ಮೇಲೆ ಮುಗೀತು" ಎಂದು ಕಕ್ಷಿದಾರರ ಎದುರಿಗೇ ಹೇಳುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಉಬ್ಬುತ್ತಿದ್ದೆನೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊಸ ಹುಡುಗ ಹುಡುಗಿಯರನ್ನು ಜೂನಿಯರ್ ಆಗಿ ಸೇರಿಸಿಕೊಳ್ಳುವುದರಲ್ಲೂ ಮೊದಲ ಜರಡಿ ನನ್ನದೇ. ಆಗ ಅರ್ಜಿ ಎಂದರೆ ಅರ್ಜಿಯಲ್ಲ. ಯಾರಾದರೊಬ್ಬರ ಮಾತು. ಮಠದ ಕಡೆಯಿಂದ ಒಬ್ಬರು ಕಳಿಸಿದವರು, ನಿವೃತ್ತ ಮೇಷ್ಟ್ರು ಕೈ ಹಿಡಿದು ಕರೆತಂದವರು, ಸೋದರಮಾವ ಜೊತೆಗೆ ಬಂದು ಕೂತವರು. ಒಬ್ಬ ಹುಡುಗನಂತೂ ಅಜ್ಜಿಯನ್ನು ಕರೆದುಕೊಂಡು ಬಂದಿದ್ದ. ಅಜ್ಜಿ ನಮ್ಮ ಸಾಹೇಬರನ್ನೇ ಸಂದರ್ಶನ ಮಾಡಿದರು. "ನಮ್ ಹುಡುಗನ್ನ ಬಿಸಿಲಲ್ಲಿ ಜಾಸ್ತಿ ಓಡಾಡಿಸ್ಬಾರ್ದು ಕಣ್ರೀ, ಅವನಿಗೆ ತಲೆನೋವು ಬತ್ತದೆ" ಎಂದರು. ಸಾಹೇಬರು ಕೈಮುಗಿದರು. ಆ ಹುಡುಗ ಒಂದು ವಾರ ಬಂದು, ಮತ್ತೆ ಬರಲಿಲ್ಲ.

ಶಿಫಾರಸನ್ನು ಸಾಹೇಬರು ಕೇಳಿಸಿಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಅವರದ್ದೊಂದು ಪರೀಕ್ಷೆ ಇತ್ತು. ಅಟ್ಟದ ಮೇಲಿನ ಹಳೆಯ, ತೀರ್ಪಾಗಿ ಮುಗಿದುಹೋದ ಒಂದು ಕೇಸಿನ ಕಟ್ಟನ್ನು ಬಂದವರ ಕೈಗೆ ಕೊಡುವುದು. "ಇದನ್ನು ಓದಿ, ಏನೇನು ಯಾವ ಯಾವ ದಿನ ಆಯಿತು ಅಂತ ಒಂದು ಪಟ್ಟಿ ಮಾಡಿ." ಅಷ್ಟೇ. ಕಾನೂನಿನ ಪ್ರಶ್ನೆ ಒಂದೂ ಕೇಳುತ್ತಿರಲಿಲ್ಲ. "ಕಾನೂನು ಪುಸ್ತಕದಲ್ಲಿದೆ ನಾಗರಾಜು. ಕಾಗದ ಓದೋಕೆ ಬರೋದು ಎಲ್ಲರಿಗೂ ಇಲ್ಲ" ಎನ್ನುತ್ತಿದ್ದರು. ಆ ಪಟ್ಟಿ ನೋಡಿ ಹೇಳಿಬಿಡಬಹುದಿತ್ತು. ಕೆಲವರು ಕೇಸು ಹಾಕಿದ ದಿನ, ತೀರ್ಪಿನ ದಿನ ಎಂದು ಎರಡು ಸಾಲು ಬರೆದು ಎದ್ದು ಹೋಗುತ್ತಿದ್ದರು. ಒಬ್ಬ ಮಾತ್ರ ನಾಲ್ಕು ಪುಟ ಬರೆದಿದ್ದ. ಅದರಲ್ಲಿ ಎರಡು ಪುಟ ಕಕ್ಷಿದಾರನ ಕಷ್ಟ ಓದಿ ತನಗಾದ ದುಃಖ. ಅವನು ಆಮೇಲೆ ಪತ್ರಿಕೆಗೆ ಹೋದನೆಂದು ಕೇಳಿದೆ. ಸರಿಯಾದ ಜಾಗಕ್ಕೇ ಹೋದ.

ಈ ಪರೀಕ್ಷೆಗೆಂದೇ ನಾನು ಒಂದು ಕಟ್ಟು ಇಟ್ಟುಕೊಂಡಿದ್ದೆ. ಅಣ್ಣತಮ್ಮಂದಿರ ಪಾಲಿನ ಕೇಸು, ಗೋಜಲು ಜಾಸ್ತಿ. ಎಲ್ಲರಿಗೂ ಅದನ್ನೇ ಕೊಡುತ್ತಿದ್ದೆ.

ಇನ್ನು ಕಾಮಾಲೆಯ ವಿಷಯ ಹೇಳಬೇಕು. ಹೊಸಬರು ಇದನ್ನು ಓದಿ ನಗಬಹುದು, ಆದರೆ ಕೋರ್ಟಿನ ಕಾರಿಡಾರಿನಲ್ಲಿ ಒಂದು ವರ್ಷ ಓಡಾಡಿದವರು ನಗಲಾರರು. ಯಾವುದೇ ಅರ್ಜಿ ಗಡುವು ದಾಟಿ ತಡವಾದರೆ, ತಡವನ್ನು ಮನ್ನಿಸಿ ಎಂದು ಕಕ್ಷಿದಾರನ ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು, ಕೊಡಬೇಕು. ಅದರಲ್ಲಿ ಕಾರಣ ಬೇಕು. ನಮ್ಮ ಕಡೆ ಆ ಕಾರಣ ಹೆಚ್ಚಾಗಿ ಒಂದೇ, ಕಾಮಾಲೆ. ಜ್ವರವೆಂದರೆ ಮೂರು ದಿನಕ್ಕೆ ಹೋಗುತ್ತದೆ. ಕಾಲು ಮುರಿಯಿತೆಂದರೆ ಎಕ್ಸರೇ ತೋರಿಸಬೇಕು. ಕಾಮಾಲೆಗೆ ನಾಟಿ ಔಷಧಿ ಕುಡಿದು ಮನೆಯಲ್ಲಿ ಮಲಗಿದ್ದೆ ಎಂದರಾಯಿತು, ಡಾಕ್ಟರ ಚೀಟಿ ಕೇಳುವವರಿಲ್ಲ. ನನ್ನ ಸೇವೆಯಲ್ಲಿ ನಾನು ಎಷ್ಟು ಜನರಿಗೆ ಕಾಮಾಲೆ ಬರಿಸಿದ್ದೇನೋ ಲೆಕ್ಕವಿಲ್ಲ. ತಡವಾದದ್ದು ಯಾರಿಂದ ಎಂಬುದು ಬೇರೆ. ವಕೀಲರು ಮರೆತಿರಬಹುದು, ಗುಮಾಸ್ತ ಮರೆತಿರಬಹುದು. ಕಾಯಿಲೆ ಬೀಳುತ್ತಿದ್ದವನು ಮಾತ್ರ ಕಕ್ಷಿದಾರ.

ಜವರಯ್ಯ ಎಂಬ ಕಕ್ಷಿದಾರರಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ದಟ್ಟಗಳ್ಳಿಯಲ್ಲಿ ಇನ್ನೂ ಬರೀ ಬಯಲಿದ್ದ ಕಾಲದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿದರು. ಪಕ್ಕದ ಸೈಟಿನವನು, ನಿನ್ನ ಅಡುಗೆಮನೆ ನನ್ನ ಜಾಗದಲ್ಲಿದೆ ಎಂದು ಕೇಸು ಹಾಕಿದ. ಕೆಳಗಿನ ಕೋರ್ಟಿನಲ್ಲಿ ಜವರಯ್ಯ ಸೋತರು. ಆದರೆ ತೀರ್ಪು ದುರ್ಬಲವಾಗಿತ್ತು. "ಅಪೀಲಿನಲ್ಲಿ ಇದು ನಿಲ್ಲಲ್ಲ, ನಿಮ್ಮ ಅಡುಗೆಮನೆ ಎಲ್ಲೂ ಹೋಗಲ್ಲ" ಎಂದು ಸಾಹೇಬರು ಧೈರ್ಯ ಹೇಳಿದರು. ಅವರು ಹಾಗೆ ಸುಮ್ಮಸುಮ್ಮನೆ ಹೇಳುವವರಲ್ಲ.

ಅಪೀಲಿಗೆ ತೀರ್ಪಿನ ನಕಲು ಬೇಕು. ಅರ್ಜಿ ಹಾಕಿದೆ. ನಕಲು ಸಿದ್ಧವಾದ ದಿನವೇ ಹೋಗಿ ತರಬೇಕಿತ್ತು. ಆ ವಾರ ನನ್ನ ಅಕ್ಕನ ಮಗಳ ಮದುವೆ ನಂಜನಗೂಡಿನಲ್ಲಿ. ಚಪ್ಪರ, ಬೀಗರು, ಅಡುಗೆಯವರು ಎಂದು ಓಡಾಡಿಕೊಂಡಿದ್ದೆ. ಒಂಬತ್ತು ದಿನ ಬಿಟ್ಟು ಹೋಗಿ ತಂದೆ. ಅಷ್ಟರಿಂದಲೇ ಏನೂ ಕೆಡುತ್ತಿರಲಿಲ್ಲ. ಗಡುವು ಎಣಿಸುವಾಗ, ನಕಲು ಸಿದ್ಧವಾದ ದಿನದಿಂದ ಎಣಿಸಬೇಕು. ನಾನು ಅದು ನನ್ನ ಕೈಗೆ ಬಂದ ದಿನದಿಂದ ಎಣಿಸಿದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ವಿಷಯ. ಮದುವೆ ಮನೆಯ ಗುಂಗಿನಲ್ಲೋ, ನಾನು ಹೇಳಿದ ಮೇಲೆ ಮುಗಿಯಿತು ಎಂಬ ಕೊಬ್ಬಿನಲ್ಲೋ, ಡೈರಿಯಲ್ಲಿ ತಪ್ಪು ದಿನ ಬರೆದೆ. ಆ ದಿನ ಸರಿಯಾಗಿ ಅಪೀಲು ಹಾಕಿದೆವು. ಒಂಬತ್ತು ದಿನ ತಡವಾಗಿದೆ ಎಂದು ಕೋರ್ಟಿನ ಕಚೇರಿಯವರು ವಾಪಸು ಕಳಿಸಿದರು.

ಸಾಹೇಬರು ತಲೆ ಎತ್ತಿ, "ಇದು ಹೇಗಾಯ್ತು ನಾಗರಾಜು?" ಎಂದರು. ಗದರಿಸಲಿಲ್ಲ. ಬರೀ ಕೇಳಿದರು. ಆ ಹೊತ್ತಿನಲ್ಲಿ, ತಪ್ಪಾಯಿತು ಸಾರ್, ನಾನು ಎಣಿಸಿದ್ದು ತಪ್ಪು ಎಂದಿದ್ದರೆ ಎರಡು ಬೈದು ನಿಜವನ್ನೇ ಬರೆದು ಕೊಡುತ್ತಿದ್ದರೇನೋ. ಗುಮಾಸ್ತನ ತಪ್ಪಿಗೆ ಕಕ್ಷಿದಾರನನ್ನು ಶಿಕ್ಷಿಸದ ನ್ಯಾಯಾಧೀಶರು ಬೇಕಾದಷ್ಟು ಜನ ಇದ್ದರು. ನನ್ನ ಬಾಯಿಂದ ಬಂದದ್ದು, "ಕಕ್ಷಿದಾರರು ಸಹಿಗೆ ಬರಲಿಲ್ಲ ಸಾರ್, ಹುಷಾರಿರಲಿಲ್ಲವಂತೆ."

"ಸರಿ, ಕಾಮಾಲೆ ಅಂತ ಬರೀರಿ" ಎಂದರು.

ಜವರಯ್ಯ ಸಹಿಗೆ ಬಂದರು. ಓದಿಸಿ ಕೇಳಿ, "ಸ್ವಾಮಿ, ನಂಗೆ ಕಾಮಾಲೆ ಬಂದಿರ್ನಿಲ್ವಲ್ಲ?" ಎಂದರು.

"ಎಲ್ಲರದ್ದೂ ಹಿಂಗೇ ಬರೆಯೋದು ಜವರಯ್ಯನವ್ರೇ. ಸುಮ್ನೆ ಸಹಿ ಹಾಕಿ."

"ಸುಳ್ಳಲ್ವಾ ಅದು?"

"ಅಡುಗೆಮನೆ ಬೇಕೋ ಬೇಡ್ವೋ?"

ಅವರು ಸಹಿ ಹಾಕಿದರು.

ವಿಚಾರಣೆಯ ದಿನ ಎದುರು ವಕೀಲರು ಎದ್ದು ಒಂದು ಫೋಟೋ ಕೊಟ್ಟರು. ನಾವು ಕಾಮಾಲೆ ಎಂದು ಬರೆದಿದ್ದ ಅದೇ ವಾರ ಕಾರ್ಖಾನೆಯಲ್ಲಿ ರಕ್ತದಾನ ಶಿಬಿರವಾಗಿತ್ತು. ಜವರಯ್ಯ ಮಂಚದ ಮೇಲೆ ಮಲಗಿ, ತೋಳು ಚಾಚಿ, ನಗುತ್ತಾ ರಕ್ತ ಕೊಡುತ್ತಿದ್ದಾರೆ. ಪಕ್ಕದ ಸೈಟಿನವನೂ ಅದೇ ಕಾರ್ಖಾನೆಯವನು. "ಕಾಮಾಲೆಯವರ ರಕ್ತ ಯಾರಿಗೆ ಏರಿಸಿದರೋ ಪಾಪ" ಎಂದು ಎದುರು ವಕೀಲರು ಅಂದಾಗ ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದವರಿಗೆ ಈ ನ್ಯಾಯಾಲಯ ದಯೆ ತೋರಿಸುವುದಿಲ್ಲ ಎಂದು ಬರೆಸಿ, ಅಪೀಲನ್ನು ಅಲ್ಲೇ ವಜಾ ಮಾಡಿದರು. ಸಾಹೇಬರು ಮೇಲಿನ ಕೋರ್ಟಿಗೂ ಹೋಗಿ ನೋಡಿದರು. ಸುಳ್ಳು ಪ್ರಮಾಣಪತ್ರವೆಂದು ಅಲ್ಲೂ ಕೈಬಿಟ್ಟರು. ಅಡುಗೆಮನೆಯ ಗೋಡೆ ಒಡೆದರು.

ಅದಾದ ಮೇಲೂ ಜವರಯ್ಯ ಆಫೀಸಿಗೆ ಬಂದರು, ನಮ್ಮನ್ನು ಬೈಯಲಿಕ್ಕಲ್ಲ. ಸಾಹೇಬರಿಗೆ ಕೈಮುಗಿದು, "ನಿಮ್ದೇನೂ ತಪ್ಪಿಲ್ಲ ಬುಡಿ ಸ್ವಾಮಿ. ನಾನೇ ಬಂದು ರಕ್ತ ಕೊಟ್ಟಿದ್ದ ಇಸ್ಯ ಏಳ್ಬೇಕಿತ್ತು. ಸುಳ್ಗೆ ಸಹಿ ಆಕ್ಬುಟ್ಟೆ, ದೇವ್ರು ತೋರಿಸ್ಬುಟ್ಟ" ಎಂದರು. ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ನಾನು ಬಾಗಿಲ ಹತ್ತಿರ ಡೈರಿ ಹಿಡಿದು ನಿಂತಿದ್ದೆ. ಆ ಕೇಸಿನ ಕಟ್ಟನ್ನು ನಾನೇ ಕಟ್ಟಿ, ಅಟ್ಟದ ಮೂಲೆಗೆ ಸೇರಿಸಿದೆ.

ಎರಡು ವರ್ಷವಾದ ಮೇಲೆ ಹೇಮಾವತಿ ಬಂದಳು.

ರಾಜೀವನಗರದ ಹುಡುಗಿ. ತಂದೆಗೆ ಸಣ್ಣ ಟೈಲರ್ ಅಂಗಡಿ. ಕರಿಕೋಟನ್ನು ಅಪ್ಪನೇ ಹೊಲಿದಿದ್ದನೆಂದು ಆಮೇಲೆ ತಿಳಿಯಿತು, ಭುಜ ಅಷ್ಟು ಚೆನ್ನಾಗಿ ಕೂತಿತ್ತು. ಯಾರ ಶಿಫಾರಸೂ ಇಲ್ಲ. ಎರಡು ಬಸ್ಸು ಬದಲಾಯಿಸಿ, ಒಬ್ಬಳೇ ಬಂದು, ಕೈಯಲ್ಲಿ ಬರೆದ ಅರ್ಜಿ ಕೊಟ್ಟಳು. ಅದಾಗಲೇ ಏಳು ಆಫೀಸು ಸುತ್ತಿದ್ದಳು. "ಯಾರ ಕಡೆಯವರು ಅಂತ ಕೇಳ್ತಾರೆ ಸಾರ್. ಯಾರ ಕಡೆಯೂ ಇಲ್ಲ ಅಂದ್ರೆ ಆಮೇಲೆ ಹೇಳ್ತೀವಿ ಅಂತಾರೆ" ಎಂದಳು. ಗೊಣಗಿದಂತಿರಲಿಲ್ಲ, ವರದಿ ಒಪ್ಪಿಸಿದಂತಿತ್ತು. ಸಾಹೇಬರಿಗೆ ಹಿಡಿಸಿತು. ನನ್ನ ಎಂದಿನ ಪಾಲಿನ ಕೇಸಿನ ಕಟ್ಟನ್ನು ಆ ದಿನ ಬೇರೊಬ್ಬರು ನೋಡಲು ಒಯ್ದಿದ್ದರು. ಹುಡುಕುತ್ತಿದ್ದೆ. ಸಾಹೇಬರು ಅಟ್ಟದ ಕಡೆ ಕೈ ಮಾಡಿ, "ಆ ಜವರಯ್ಯನ ಕೇಸು ಕೊಡ್ರೀ. ಸಣ್ಣದು, ಸಂಜೆಯೊಳಗೆ ಮುಗಿಸ್ತಾಳೆ" ಎಂದು ಹೇಳಿ ಕೋರ್ಟಿಗೆ ಹೊರಟರು.

ಬೇರೆ ಕೊಡಬಹುದಿತ್ತು. ಸಾಹೇಬರು ಹೆಸರು ಹಿಡಿದು ಹೇಳಿದ್ದರು. ಕೊಡದಿದ್ದರೆ ಏಕೆಂದು ಕೇಳುತ್ತಾರೆಂಬ ಅಳುಕಿನಲ್ಲಿ ಅದನ್ನೇ ಕೊಟ್ಟೆ. ಯಾರು ಅಷ್ಟು ಕೂತು ಓದುತ್ತಾರೆ ಎಂಬ ಧೈರ್ಯವೂ ಇತ್ತು.

ಅವಳು ಓದಿದಳು. ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಎರಡು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು. ಮೊದಲನೆಯದು ಪಟ್ಟಿ, ಒಂದು ದಿನವೂ ತಪ್ಪಿಲ್ಲ. ಎರಡನೆಯದರಲ್ಲಿ ನಾಲ್ಕೇ ಸಾಲು. ನಕಲಿನ ಹಿಂಬದಿ ಮುದ್ರೆಯ ಪ್ರಕಾರ ನಕಲು ಸಿದ್ಧವಾದ ದಿನ ಇದು, ತೆಗೆದುಕೊಂಡ ದಿನ ಇದು, ನಡುವೆ ಒಂಬತ್ತು ದಿನ. ಅಪೀಲು ತಡವಾದದ್ದೂ ಒಂಬತ್ತು ದಿನ. ತಡಕ್ಕೂ ಕಕ್ಷಿದಾರರ ಕಾಯಿಲೆಗೂ ಸಂಬಂಧ ಕಾಣುವುದಿಲ್ಲ.

ಕೋರ್ಟಿನ ಕಚೇರಿಯವರು ಬಿಟ್ಟರೆ ನಕಲಿನ ಹಿಂಬದಿ ಯಾರೂ ನೋಡುವುದಿಲ್ಲ. ಸಾಹೇಬರು ನೋಡಿರಲಿಲ್ಲ, ಎದುರು ವಕೀಲರು ನೋಡಿರಲಿಲ್ಲ, ನ್ಯಾಯಾಧೀಶರೂ ನೋಡಿರಲಿಲ್ಲ. ಇನ್ನೂ ಕೆಲಸ ಸಿಗದ ಹುಡುಗಿ ನೋಡಿದ್ದಳು.

"ಸಾರ್, ನಕಲು ತರೋ ಕೆಲಸ ಆಫೀಸಲ್ಲಿ ಯಾರದು?" ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ. ಕಲಿಯಲು ಕೇಳಿದ್ದು.

"ಅದೆಲ್ಲ ನಿನಗ್ಯಾಕಮ್ಮ? ಪಟ್ಟಿ ಮಾಡು ಅಂದ್ರೆ ಪಟ್ಟಿ ಮಾಡ್ಬೇಕು" ಎಂದೆ. ಧ್ವನಿ ಏರಿತ್ತು. ಅವಳು ನನ್ನ ಮುಖ ನೋಡಿದಳು. "ಸಾರಿ ಸಾರ್" ಎಂದು ಕೋಟು ಮಡಿಸಿಕೊಂಡು ಹೊರಟಳು.

ಸಾಹೇಬರು ಬಂದ ಮೇಲೆ ಮೊದಲನೆಯ ಹಾಳೆ ಮಾತ್ರ ಕೊಟ್ಟೆ. ಎರಡನೆಯದನ್ನು ಹರಿದಿದ್ದೆ. "ಪಟ್ಟಿ ಚೆನ್ನಾಗಿದೆಯಲ್ರೀ. ಹುಡುಗಿ ಹೆಂಗೆ?" ಎಂದರು.

"ಬುದ್ಧಿವಂತೆ ಸಾರ್. ಆದ್ರೆ ಮಾತು ಜಾಸ್ತಿ. ಆಫೀಸಿನ ವಿಷಯ ಹೊರಗೆ ಆಡೋ ಥರ ಕಾಣ್ತಾಳೆ."

ನಮ್ಮ ಸಾಹೇಬರಿಗೆ ಏನನ್ನು ಹೇಳಿದರೆ ಎಲ್ಲಿಗೆ ತಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಕ್ಷಿದಾರರ ಗುಟ್ಟು ಹೊರಗೆ ಹೋಗುವುದೆಂದರೆ ಅವರಿಗೆ ಬೆಂಕಿ ಬಿದ್ದಂತೆ. ಹಾಳೆ ಪಕ್ಕಕ್ಕಿಟ್ಟು, "ಹಾಗಾದ್ರೆ ಬೇಡ ಬಿಡಿ" ಎಂದರು. ಅಷ್ಟಕ್ಕೇ ಮುಗಿಯಿತು. ನನಗೆ ಅವಳ ಮೇಲೆ ದ್ವೇಷವಿರಲಿಲ್ಲ. ಹೆದರಿಕೆಯಿತ್ತು. ಅಷ್ಟು ಚೆನ್ನಾಗಿ ಕಾಗದ ಓದುವವಳು ದಿನಾ ಎದುರಿಗೆ ಕೂತಿದ್ದರೆ ನಾನು ಹೇಗೆ ಉಸಿರಾಡಲಿ ಎಂಬ ಹೆದರಿಕೆ.

ಅವಳು ಮತ್ತೆ ಮೂರು ಸಲ ಬಂದಳು. ಮೂರು ಸಲವೂ, ತಿಳಿಸ್ತೀವಮ್ಮ ಎಂದೆ. ಮೂರನೆಯ ಸಲ ಅವಳಪ್ಪನೂ ಜೊತೆಗಿದ್ದ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆಮೇಲೆ ಬರಲಿಲ್ಲ.

ವರ್ಷಗಳು ಹೋದವು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಈಗ ಕೇಸಿನ ದಿನ ಫೋನಿನಲ್ಲೇ ಕಾಣುತ್ತದೆ, ಕಾಗದಗಳನ್ನು ಕೂತಲ್ಲಿಂದಲೇ ಕೋರ್ಟಿಗೆ ಕಳಿಸುತ್ತಾರೆ, ಗಡುವನ್ನು ಯಂತ್ರವೇ ಎಣಿಸಿ ಕೆಂಪಕ್ಷರದಲ್ಲಿ ತೋರಿಸುತ್ತದೆ. ನಾನು ಮಾಡಿದಂಥ ತಪ್ಪು ಈಗ ಕಷ್ಟ. ಆದರೆ ಕಾಮಾಲೆ ಇನ್ನೂ ಇದೆಯಂತೆ. ಸಾಹೇಬರು ತೀರಿಕೊಂಡರು, ನಾನು ನಿವೃತ್ತನಾದೆ. ಅದಕ್ಕೂ ಮುಂಚೆಯೇ ಜವರಯ್ಯ ತೀರಿಹೋಗಿದ್ದರು. ನಾನು ಮನೆ ಕಟ್ಟಿದ್ದೂ ದಟ್ಟಗಳ್ಳಿಯಲ್ಲೇ, ಅವರ ಮನೆಯಿಂದ ನಾಲ್ಕು ಅಡ್ಡರಸ್ತೆ ಆಚೆಗೆ. ತರಕಾರಿಗೆ ಹೋಗುವಾಗ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದೆ.

ಸಿಂಧುವಿನ ಹನ್ನೊಂದು ಅರ್ಜಿಗಳಿಗೆ ಒಂದೇ ಒಂದು ಕಡೆಯಿಂದ ಉತ್ತರ ಬಂತು. ಕರೆದವರ ಹೆಸರು ಹೇಮಾವತಿ. ಜೊತೆಗೆ ಹೋಗಿ ಎಂದು ಸಿಂಧುವಿನ ತಂದೆ ಕೇಳಿಕೊಂಡರು. ಆಗುವುದಿಲ್ಲ ಎಂಬ ಮಾತು ಬಾಯಿತನಕ ಬಂತು, ಆದರೂ ಹೋದೆ.

ಅವಳೇ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಈಗ ಬಹುವಚನದಲ್ಲಿ ಮಾತಾಡಿಸಬೇಕಾದ ವಕೀಲರು. ಗುರುತು ಹಿಡಿದು ಎದ್ದು ನಿಂತು, "ಬನ್ನಿ ಸಾರ್" ಎಂದು ಕುರ್ಚಿ ಎಳೆದು ಕೊಟ್ಟರು. ಸಿಂಧುವಿಗೆ ಒಂದು ಹಳೆಯ ಕಟ್ಟು ಕೊಟ್ಟು, ದಿನಗಳ ಪಟ್ಟಿ ಮಾಡಲು ಪಕ್ಕದ ಕೋಣೆಗೆ ಕಳಿಸಿದರು. ನಮ್ಮ ಸಾಹೇಬರ ಪದ್ಧತಿ! ನನಗೆ ತಡೆಯಲಾಗಲಿಲ್ಲ.

"ಅಮ್ಮ, ಆವತ್ತು ಆ ಕಟ್ಟಿನಲ್ಲಿ ನೀವು ಕಂಡುಹಿಡಿದ ತಪ್ಪು ನಂದು" ಎಂದೆ.

"ಗೊತ್ತು ಸಾರ್. ನಿಮ್ಮ ಮುಖ ನೋಡಿದಾಗ್ಲೇ ಗೊತ್ತಾಯ್ತು. ಬಸ್ಸಲ್ಲಿ ಅತ್ಕೊಂಡು ಹೋದೆ. ಮನೆ ಸೇರೋ ಹೊತ್ತಿಗೆ ಪಾಠ ಕಲಿತಿದ್ದೆ."

"ಏನು ಪಾಠ?"

"ಮುಂದಿನ ಆಫೀಸಲ್ಲೂ ಒಂದು ಕೇಸಿನ ಫೈಲು ಕೊಟ್ರು. ಮುಗಿದದ್ದಲ್ಲ, ನಡೀತಿದ್ದ ಕೇಸು. ಅದರಲ್ಲೂ ಒಂದು ತಪ್ಪು ಕಂಡ್ತು. ಒಬ್ಬ ವಾರಸುದಾರನ ಹೆಸರೇ ಬಿಟ್ಟುಹೋಗಿತ್ತು. ನಾನು ಬರೀಲಿಲ್ಲ. ಪಟ್ಟಿ ಮಾತ್ರ ಮಾಡಿ ಕೊಟ್ಟೆ. ಮಾರನೇ ದಿನವೇ ಕೆಲ್ಸ ಸಿಕ್ತು ಸಾರ್."

"ಆ ಕೇಸು?"

"ಅದೇ ಕಾರಣಕ್ಕೆ ಬಿದ್ದುಹೋಯ್ತು. ಕಕ್ಷಿದಾರರು ಒಬ್ರು ವಿಧವೆ. ಈಗಲೂ ಯುಗಾದಿಗೆ ಒಬ್ಬಟ್ಟು ತಂದುಕೊಡ್ತಾರೆ ನಂಗೆ. ಅವತ್ತು ಕೋರ್ಟಲ್ಲಿ ನೀನೊಬ್ಬಳೇ ನನ್ನ ಜೊತೆ ಅತ್ತಿದ್ದು ಅಂತಾರೆ."

ನಾನು ಒಂದು ಹುಡುಗಿಗೆ ಕೆಲಸ ತಪ್ಪಿಸಿದೆ ಎಂದುಕೊಂಡು ಇಷ್ಟು ವರ್ಷ ಕೊರಗಿದ್ದೆ. ನಾನು ತಪ್ಪಿಸಿದ್ದು ಅದನ್ನಲ್ಲ. ಅವರಿಗೆ ಕೆಲಸ ಬೇರೆ ಕಡೆ ಸಿಕ್ಕಿತು. ಆ ಎರಡನೆಯ ಹಾಳೆಯಂಥದ್ದನ್ನು ಅವರು ಮತ್ತೆ ಬರೆಯದ ಹಾಗೆ ಮಾಡಿದವನು ನಾನು.

"ಆ ಅಮ್ಮನಿಗೆ ಹೇಳಿಬಿಡಿ" ಎಂದೆ.

ಅವರು ನನ್ನನ್ನೇ ನೋಡಿದರು. "ಜವರಯ್ಯನವರಿಗೆ ನೀವು ಹೇಳಿದ್ರಾ ಸಾರ್?"

ಮಾರನೆಯ ದಿನ ಬೆಳಗ್ಗೆ ಆ ಬೀದಿಗೆ ಹೋದೆ. ಬಾಗಿಲು ತೆಗೆದವರು ಜವರಯ್ಯನವರ ಹೆಂಡತಿ ನಿಂಗಮ್ಮ. ವಯಸ್ಸಾಗಿದೆ, ಕಣ್ಣು ಚುರುಕಾಗಿದೆ. ಒಳಗೆ ಕರೆದರು. ಗ್ಯಾಸಿನ ಒಲೆ ಇಂದಿಗೂ ನಡುಮನೆಯ ಮೂಲೆಯಲ್ಲೇ ಇತ್ತು, ಗೋಡೆ ಎಣ್ಣೆ ಜಿಡ್ಡು ಹಿಡಿದಿತ್ತು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮದುವೆ, ನಕಲು, ಒಂಬತ್ತು ದಿನ, ಡೈರಿ, ಸಾಹೇಬರಿಗೆ ಹೇಳಿದ ಸುಳ್ಳು. ನಿಮ್ಮ ಯಜಮಾನರದ್ದು ಏನೂ ತಪ್ಪಿರಲಿಲ್ಲ, ಎಲ್ಲ ನನ್ನಿಂದ ಆದದ್ದು ಎಂದೆ. ಬೈಯುತ್ತಾರೆ, ಬೈದರೆ ಹಗುರವಾಗುತ್ತದೆ ಎಂದು ಕಾದೆ.

ಅವರು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು.

"ಸಾಯೋ ಗಂಟ ಅವ್ರು ಅದೇ ಕೊರಗಲ್ಲಿದ್ರು ಕಣಪ್ಪ. ನಾನ್ ಸುಳ್ಗೆ ಸಹಿ ಆಕ್ಬುಟ್ಟೆ, ನಿನ್ ಅಡ್ಗೆಮನೆ ನಾನೇ ಕಳ್ದ್ಬುಟ್ಟೆ ಅಂತ ದಿನಾ ಒಲೆ ಮುಂದೆ ಬಂದು ಅನ್ನೋರು. ನಂಗೂ ಸಿಟ್ಟು ಬರೋದು. ಊಂ, ನೀನೇ ಕಳ್ದೆ ಅಂತ ನಾನೂ ಅನ್ಬುಡ್ತಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಈಗ್ ಬಂದು ಏಳ್ತಿದೀಯಲ್ಲಪ್ಪ, ಇದ್ನ ನಾನ್ ಯಾರ್ಗೆ ಏಳ್ಲಿ?"